ಸೆಂಬೆ ಸುಡುವ ಗಂಡ

ನಮ್ಮ ಯಜಮಾನರು ತಿರುಮಲೇಶ್, ಮೈಸೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರು. ಸಿಡ್ನಿಗೆ ಬಂದ ಮೇಲೆ ಚಾಟ್ಸ್‌ವುಡ್ಡಿನ ನಿಶಿಮುರಾ ಎಂಬ ಜಪಾನಿ ಮುದುಕನ ಅಂಗಡಿಯಲ್ಲಿ ಸೆಂಬೆ ಸುಡುವವರು. ಸೆಂಬೆ ಅಂದರೆ ಮತ್ತೇನಲ್ಲ, ಅಕ್ಕಿಹಿಟ್ಟಿನ ಬಿಲ್ಲೆಯನ್ನು ಕೆಂಡದ ಮೇಲೆ ಸುಟ್ಟು ಸೋಯಾ ಸಾಸ್ ಬಳಿಯುವುದು. ನಮ್ಮ ಅಕ್ಕಿ ಹಪ್ಪಳದ ದಪ್ಪ ದಾಯಾದಿ. ಎಂಬತ್ತೊಂಬತ್ತರಲ್ಲಿ ಪಿಆರ್, ಅಂದರೆ ಕಾಯಂ ನೆಲೆಸುವ ಪರವಾನಗಿ, ಸಿಕ್ಕಿ ಬಂದೆವು, ಇಂಜಿನಿಯರ್ ಕೆಲಸ ಸಿಗಲಿಲ್ಲ. ನಾಲ್ಕು ತಿಂಗಳ ಮಟ್ಟಿಗೆ ಎಂದು ಸೇರಿದವರು ಏಳು ವರ್ಷ ಅಲ್ಲೇ ಬೇರು ಬಿಟ್ಟರು.

ಆ ಸಾಸಿಗೆ ಮೀನಿನ ಸಾರು ಬೀಳುತ್ತದೆ ಎಂದು ಗೊತ್ತಾದ ದಿನ ನಾನು ಮಾಡಿದ ರಂಪ ಅಷ್ಟಿಷ್ಟಲ್ಲ. ಅಂದಿನಿಂದ ಪ್ಯಾರಮಟ್ಟಾದ ನಮ್ಮ ಮನೆಯಲ್ಲಿ ಕಾನೂನು ಒಂದೇ: ಗರಾಜಿನಲ್ಲೇ ಬಟ್ಟೆ ಬಿಚ್ಚಿ, ಬಕೆಟ್ಟಿನ ನೀರು ಸುರಿದುಕೊಂಡು, ಒಗೆದ ಪಂಚೆ ಉಟ್ಟು ಒಳಗೆ ಬರಬೇಕು. ಇಲ್ಲಿ ಚಳಿಗಾಲವಾದ ಜುಲೈಯಲ್ಲೂ. ಬಿಸಿನೀರು ನಾನೇ ತುಂಬಿಸಿಡುತ್ತಿದ್ದೆ, ನಾನೇನು ರಾಕ್ಷಸಿಯಲ್ಲ. ಅವರು ಒಂದು ದಿನವೂ ಎದುರಾಡಲಿಲ್ಲ.

ತೊಂಬತ್ತಾರರ ಜುಲೈನ ಒಂದು ಭಾನುವಾರ ಸಾರನ್ನ ಕಲಸುತ್ತಾ ಅಂದರು: "ನಿಶಿಮುರಾ ರಿಟೈರ್ ಆಗ್ತಿದಾರೆ. ಮೆಲ್ಬರ್ನ್‌ನಿಂದ ಅವರ ತಮ್ಮನ ಮಗ ಬಂದು ಅಂಗಡಿ ನೋಡ್ಕೋತಾನಂತೆ."

ಕೈಲಿದ್ದ ಸೌಟು ಕುಕ್ಕಿದೆ. "ಏಳು ವರ್ಷ ಹೊಗೆ ಕುಡಿದೋರು ನೀವು, ಅಂಗಡಿ ಅವನಿಗಾ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತ! ರೀ, ನಿಮಗೆ ಬಾಯಿಲ್ವಾ?"

"ಹೋಗ್ಲಿ ಬಿಡೇ."

ಹೋಗಲಿ ಬಿಡುವ ಪೈಕಿ ನಾನಲ್ಲ. ಆ ಅಂಗಡಿ ಕೈಗೆ ಬಂದರೆ, ಇಂಜಿನಿಯರ್ ಗಂಡ ಇನ್ನೊಬ್ಬರ ಆಳು ಎನ್ನುವ ಅವಮಾನ ತೊಲಗುತ್ತಿತ್ತು. ಕನ್ನಡ ಕೂಟದಲ್ಲಿ ನಾನೂ ತಲೆ ಎತ್ತಬಹುದಿತ್ತು. ಮರುದಿನವೇ ರೈಲು ಹತ್ತಿದೆ. ಏಳು ವರ್ಷದಲ್ಲಿ ಆ ಅಂಗಡಿಯ ಹೊಸ್ತಿಲು ತುಳಿದದ್ದು ಅದೇ ಮೊದಲು.

ಒಲೆಯ ಮುಂದೆ ನಿಂತವರು ಇವರೇ ಎಂದು ತಕ್ಷಣ ಗುರುತೇ ಸಿಗಲಿಲ್ಲ. ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಉದ್ದನೆಯ ಕಡ್ಡಿಗಳಲ್ಲಿ ಬಿಲ್ಲೆಗಳನ್ನು ಪಟಪಟ ಮಗುಚುತ್ತಾ, ಏನೋ ಹೇಳಿ ಮುದುಕ ಹೊಟ್ಟೆ ಹಿಡಿದು ನಗುವಂತೆ ಮಾಡುತ್ತಿದ್ದರು. ಮನೆಯಲ್ಲಿ ಈ ಮನುಷ್ಯ ಒಂದು ತಮಾಷೆ ಮಾಡಿದ್ದು ನನಗೆ ನೆನಪಿಲ್ಲ. ಮೈಯೆಲ್ಲ ಉರಿಯಿತು. ನನ್ನನ್ನು ಕಂಡದ್ದೇ ಅವರ ನಗು ಆರಿತು.

ಬಂದಷ್ಟು ಇಂಗ್ಲಿಷಿನಲ್ಲಿ ಮುದುಕನನ್ನು ಜಾಡಿಸಿದೆ. "ನನ್ನ ಗಂಡನನ್ನ ಕತ್ತೆ ಥರ ದುಡಿಸಿಕೊಂಡಿರಿ. ಈಗ ಅಂಗಡಿ ಮಾತ್ರ ನಿಮ್ಮವರಿಗೆ. ನಾಚಿಕೆ ಆಗಲ್ವಾ?"

ಆತ ಕೈ ಒರೆಸಿಕೊಂಡು, ಇವರತ್ತ ತೋರಿಸುತ್ತಾ, ನನ್ನದಕ್ಕಿಂತ ಮುರುಕಲು ಇಂಗ್ಲಿಷಿನಲ್ಲಿ ಹೇಳಿದ: "ಮೇಡಂ, ಮೊದಲು ತಿರು-ಸಾನ್‌ಗೇ ಕೊಡ್ತೀನಿ ಅಂದೆ. ಮೂರು ಸಲ ಕೇಳಿದೆ. ಬೇಡ ಅಂದರು."

ಕೆಂಡದ ಮೇಲಿನ ಬಿಲ್ಲೆಗಳು ಸೀಯತೊಡಗಿದವು. ಇವರು ಮಗುಚಲಿಲ್ಲ.

"ಹೌದೇನ್ರೀ? ಯಾಕ್ರೀ ಬೇಡ ಅಂದ್ರಿ?"

ಒಲೆಯನ್ನೇ ನೋಡುತ್ತಾ ಕನ್ನಡದಲ್ಲಿ ಹೇಳಿದರು: "ಅಂಗಡಿ ನಂದಾದ್ರೆ ನೀನು ಇಲ್ಲಿಗೂ ಬರ್ತೀಯ, ವಸಂತಾ. ಇದೊಂದೇ ಜಾಗದಲ್ಲಿ ನನ್ನನ್ನ ಯಾರೂ ಸ್ನಾನ ಆಯ್ತಾ ಅಂತ ಕೇಳಲ್ಲ."

ಅಬ್ಬಾ, ಎಷ್ಟು ಕೊಬ್ಬು ಅಂದುಕೊಂಡೆ. ಕಪಾಳಕ್ಕೆ ಹೊಡೆದ ಹಾಗಾಯಿತು ಅನ್ನುವುದನ್ನೂ ಮುಚ್ಚಿಡುವುದಿಲ್ಲ. ಮುದುಕ ಸೆಂಬೆಯ ಪೊಟ್ಟಣವೊಂದನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ. ಮುಟ್ಟದೆ ಹೊರಟು ಬಂದೆ. ರೈಲಿನುದ್ದಕ್ಕೂ ಇಬ್ಬರನ್ನೂ ಬೈದುಕೊಂಡೆ, ಪ್ಯಾರಮಟ್ಟಾ ಬರುವ ಹೊತ್ತಿಗೆ ಬೈಗುಳವೆಲ್ಲ ತೀರಿತ್ತು.

ಆ ಸಂಜೆ ಬಕೆಟ್ಟಿಗೆ ನೀರು ತುಂಬಿಸಲಿಲ್ಲ. ಹೆಜ್ಜೆ ಸದ್ದು ಕೇಳಿದ್ದೇ ಮುಂಬಾಗಿಲು ತೆರೆದು, "ಹೀಗೇ ಒಳಗೆ ಬನ್ನಿ," ಅಂದೆ. ಅಷ್ಟು ಮಾತು ಹೊರಡಿಸಲು ನನಗೆಷ್ಟು ಕಷ್ಟವಾಯಿತೋ ದೇವರಿಗೇ ಗೊತ್ತು.

ಅವರು ನನ್ನ ಮುಖ ನೋಡಲಿಲ್ಲ. ಖಾಲಿ ಬಕೆಟ್ಟು ಎತ್ತಿಕೊಂಡು, ಅಂಗಳದ ನಲ್ಲಿಯಲ್ಲಿ ತಣ್ಣೀರು ಹಿಡಿದು, ಗರಾಜಿಗೆ ಹೋದರು.