ಊದದ ಸೀಟಿ

ಬೆಳಗಾವಿಯ ಮೈದಾನದ ಎದುರಿನ ಚಹಾದಂಗಡಿಯಲ್ಲಿ ಖಾನಾಪುರದ ಬಸ್ಸಿಗೆ ಕಾಯುತ್ತಿದ್ದೆ. ಹುಡುಗಿಯರ ಕಾಲೇಜು ಫುಟ್‌ಬಾಲ್ ಸೆಮಿಫೈನಲ್ ಆಗಷ್ಟೇ ಮುಗಿದು ಖಾನಾಪುರ ತಂಡ ಒಂದು ಗೋಲಿನಿಂದ ಸೋತಿತ್ತು. ಆ ತಂಡದ ಹುಡುಗಿಯೊಬ್ಬಳ ಅಜ್ಜ, ಪಾರಿಶ್ವಾಡದ ರೈತರು, ಚಹಾಕ್ಕೆ ಬಂದ ರೆಫರಿಯನ್ನು ತಡೆದು ನಿಲ್ಲಿಸಿದರು.

"ಗೋಲಿನ ಮುಂದ ನನ್ನ ಮೊಮ್ಮಗಳಿಗೆ ಕಾಲು ಕೊಟ್ಟು ಕೆಡವಿದ್ರು. ಸೀಟಿ ಯಾಕ ಊದಲಿಲ್ರೀ? ಪೆನಾಲ್ಟಿ ಸಿಕ್ಕಿದ್ರ ಸರಿಸಮ ಆಕ್ಕಿತ್ತು."

"ನನಗ ಕಾಣಲಿಲ್ಲ ಅಜ್ಜಾರ. ಕಾಣದ ಹೆಂಗ ಊದ್ಲಿ?"

"ಅಜ್ಜಾ, ಸಾಕ ಬಿಡು," ಎಂದಳು ಹುಡುಗಿ, ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ನಮ್ಮ ಹಿರಿಯರಾರೂ ನನ್ನ ಕಾಲೇಜಿನ ಗೇಟು ದಾಟಿದವರಲ್ಲ. ಪೆನಾಲ್ಟಿಗೆ ಜಗಳಾಡುವ ಈ ಅಜ್ಜನನ್ನು ಕಂಡು ಕಪ್ಪು ಹಿಡಿದೇ ಹತ್ತಿರ ಸರಿದೆ.

"ಬರ್ರಿ, ಮಾಡಿ ತೋರಸ್ತೀನಿ," ಎಂದು ಅಜ್ಜ ಧೋತರ ಎತ್ತಿ ಕಟ್ಟಿ ಮೊಮ್ಮಗಳಾದರು. ಅಂಗಡಿಯವರು ಎದುರಾಳಿಯಾಗಿ ಕಾಲು ಚಾಚಿದರು. ಆಟದಲ್ಲಿ ತಮಗೆ ಅಡ್ಡ ಬಂದಿದ್ದ ಇನ್ನೊಬ್ಬ ಆಟಗಾರ್ತಿಯ ಜಾಗದಲ್ಲಿ ರೆಫರಿ ನನ್ನನ್ನೇ ನಿಲ್ಲಿಸಿದರು.

"ಈಗ ನಾ ಇದ್ದ ಕಡೆಯಿಂದ ನೋಡ್ರಿ."

ಅಜ್ಜ ಅಲ್ಲಿ ಹೋಗಿ ನಿಂತು ನೋಡಿದರು, ಬಗ್ಗಿಯೂ ನೋಡಿದರು. ಅಂಗಡಿಯವರ ಕಾಲು ನನ್ನ ಮರೆಗಿತ್ತು.

"ಖರೇ ಐತಿ. ಇಲ್ಲಿಂದ ಏನೂ ಕಾಣಂಗಿಲ್ಲ."

ರೆಫರಿ ನಿರಾಳವಾಗಿ ಚಹಾ ಎತ್ತಿಕೊಂಡರು.

"ಹಂಗಾರ ಇಲ್ಲಿ ಯಾಕ ನಿಂತಿದ್ರಿ?" ಎಂದರು ಅಜ್ಜ.

ಅಷ್ಟರಲ್ಲಿ ಬಸ್ಸು ಬಂತು. ಹುಡುಗಿ ಬಾಗಿಲಲ್ಲಿ ನಿಂತು ಕರೆದಳು. ಅಜ್ಜ ಕದಲಲಿಲ್ಲ. ಉತ್ತರ ಕೇಳದೆ ಹೋಗಲು ನನಗೂ ಮನಸ್ಸಾಗಲಿಲ್ಲ.