ದಪ್ಪ ಕವರು

ಕೊಣನೂರು ಸಂತೆಯಲ್ಲಿ ಮೀನು ಕೊಂಡು ಬಸ್ಸಿಗೆ ಓಡುವವಳಿದ್ದೆ. ಅಷ್ಟರಲ್ಲಿ ಪಂಚಾಯ್ತಿಯವರೊಬ್ಬರು ಬಂದು ಮೀನು ಮಾರುವಾಕೆಯ ಕವರುಗಳನ್ನೆಲ್ಲ ಬಾಚಿಕೊಂಡರು. ತೆಳು ಪ್ಲಾಸ್ಟಿಕ್ಕು ಬಂದ್ ಆಗಿದೆ, ದಪ್ಪದ್ದಕ್ಕೆ ಅಡ್ಡಿಯಿಲ್ಲ ಅಂದರು.

"ಕವರಿಲ್ದೆ ಮೀನ್ನ ಯಾರ್ ತಗೋತಾರೆ ಸಾ? ಸಂಜೆಗೆಲ್ಲಾ ಕೊಳ್ತೋಯ್ತವೆ" ಅಂದವಳೇ ಅವರ ಕೈಯಿಂದ ಎರಡು ಕವರು ಎಳೆದುಕೊಂಡು, ನನ್ನ ಮೀನಿನ ಕವರನ್ನು ಇನ್ನೊಂದರೊಳಗೆ, ಅದನ್ನು ಮತ್ತೊಂದರೊಳಗೆ ಇಳಿಸಿ ಅವರ ಮುಂದೆ ಹಿಡಿದಳು. "ಈಗ ಮುಟ್ಟಿ ನೋಡಿ ಸಾ."

ಅವರು ರೇಷ್ಮೆ ಸೀರೆಯ ಸೆರಗು ಪರೀಕ್ಷಿಸುವವರಂತೆ ಎರಡು ಬೆರಳಲ್ಲಿ ತಿಕ್ಕಿದರು. "ಊಂ, ದಪ್ಪ ಐತೆ. ಇನ್ಮೇಲೆ ಇಂಗೇ ಕೊಡವ್ವ" ಅಂತ ಬಾಚಿದ್ದನ್ನೆಲ್ಲ ವಾಪಸು ಕೊಟ್ಟರು.

ಮುಂದಿನ ವಾರ ಹೋದಾಗ ಇಡೀ ಸಂತೆ ಕಾನೂನನ್ನು ಶ್ರದ್ಧೆಯಿಂದ ಪಾಲಿಸುತ್ತಿತ್ತು. ನಾನು ಕೊಂಡ ಎರಡು ನಿಂಬೆಹಣ್ಣಿಗೂ ಮೂರು ಕವರು.