ಅಲುಗಾಡದಿದ್ದರೆ ಆರುವ ದೀಪ

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ಅಜ್ಜಿ ಯಾವಾಗಲೋ ಅಂದದ್ದೇ ನೆಪ, ಅವನಿಗೆ ಚಕ್ರ ಎಂಬ ಹೆಸರೇ ಅಂಟಿಕೊಂಡಿತು. ಔಷಧಿ ಅಂಗಡಿ, ಟ್ರಾವೆಲ್ಸ್ ಆಫೀಸು, ಟೈಲ್ಸ್ ಗೋಡೌನು, ವಿಮೆ, ಗೆಳೆಯನ ಜೊತೆ ಹಳೆ ಬೈಕುಗಳ ವ್ಯಾಪಾರ, ಒಂದೇ ಎರಡೇ! ಎಲ್ಲಿ ಸೇರಿದರೂ ಹೊಸತರಲ್ಲಿ ದೇವರು ಮೈಮೇಲೆ ಬಂದವನ ಹಾಗೆ ದುಡಿಯುತ್ತಿದ್ದ. ಯಾರಾದರೂ ಒಂದು ತಪ್ಪು ಎತ್ತಿ ತೋರಿಸಿದರೋ, ಮುಗಿಯಿತು. ಮುಖ ಊದಿಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದ. ನಲವತ್ತು ದಾಟಿದರೂ ಇದೇ ಕತೆ. ಕೆಲಸ ಹೇಗಿದೆ ಎಂದು ಕೇಳುವ ಧೈರ್ಯ ಅವನ ಹೆಂಡತಿಗೆ ಎಂದೋ ಹೋಗಿತ್ತು.

ಕೊನೆಗೆ ಅಕ್ಕನೇ ಕರೆದಳು. ಅಕ್ಕನದು ಕೃತಕ ಕಣ್ಣು ಮಾಡುವ ಕೆಲಸ. ಹಳೆ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ಅದರ ಹಿಂದೆ ಪಾಲಿಶ್ ಮಿಷನ್ ಇಟ್ಟ ಇನ್ನೊಂದು ಸಣ್ಣ ಕೋಣೆ, ಅಷ್ಟೇ. ಕಿಟಕಿಗೆ ಪಕ್ಕದ ಕಟ್ಟಡದ ಗೋಡೆ ಅಡ್ಡವಾಗಿ ಹಗಲಲ್ಲೂ ದೀಪ ಬೇಕು. ಅಪಘಾತದಲ್ಲೋ ಕಾಯಿಲೆಯಲ್ಲೋ ಒಂದು ಕಣ್ಣು ಕಳೆದುಕೊಂಡವರು ಬಂದು ಕೂರುತ್ತಾರೆ. ಅವರ ಉಳಿದ ಕಣ್ಣನ್ನು ನೋಡಿ ನೋಡಿ, ಅಕ್ಕ ಮತ್ತು ಅವಳ ಜೊತೆಗಾತಿ ಉಗುರಿನಷ್ಟಗಲದ ಬಿಲ್ಲೆಯ ಮೇಲೆ ಅದೇ ಬಣ್ಣ ಬರೆಯುತ್ತಾರೆ. ಬಿಳಿಗುಡ್ಡೆಯ ಮೇಲೆ ಕಾಣುವ ನರಗಳಿಗೆ ಕೆಂಪು ರೇಷ್ಮೆಯ ಎಳೆ ಕೂರಿಸುವವನು ಒಬ್ಬ ಮುದುಕ, ಎಲ್ಲರಿಗೂ ನೂಲಿನ ತಾತ. ಮೂವರೂ ಕೆಲಸಕ್ಕೆ ಕೂತರೆಂದರೆ ಗೋಡೆಗೆ ಒರಗಿಸಿಟ್ಟ ಗೊಂಬೆಗಳೇ.

"ಬಾಡಿಗೆ ಏರಿಸಿದಾರೆ, ಖರ್ಚು ಕೈ ಮೀರ್ತಿದೆ. ಕರೆಂಟು, ಫೋನು, ನೀರು, ಎಲ್ಲಾ ನೀನೇ ನೋಡ್ಕೋ, ಹೇಗಾದ್ರೂ ಇಳಿಸು," ಎಂದಳು ಅಕ್ಕ. "ಆದ್ರೆ ಒಂದ್ಮಾತು. ಇಲ್ಲಿಂದ್ಲೂ ಎದ್ದು ಹೋದ್ರೆ ನಾನಂತೂ ಇನ್ನು ಯಾರ ಹತ್ರಾನೂ ನಿನ್ನ ಪರ ಮಾತಾಡಲ್ಲ. ನಿನ್ನ ಹೆಂಡ್ತಿ ಮುಖ ನೋಡೋಕೆ ನನ್ನಿಂದ ಆಗ್ತಿಲ್ಲ ಕಣೋ."

"ಈ ಸಲ ನೋಡಕ್ಕಾ," ಎಂದ ಚಕ್ರ. ಇದೂ ಕೈಬಿಟ್ಟರೆ ಮುಂದೆ ಹೋಗಲು ಬಾಗಿಲೇ ಇಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಮರುದಿನದಿಂದಲೇ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಏಣಿ ಹತ್ತಿದ, ಇಳಿದ, ನಾಲ್ಕು ಅಂಗಡಿ ಅಲೆದ, ಚೌಕಾಸಿ ಮಾಡಿದ. ಗುಂಯ್‌ಗುಡುತ್ತಿದ್ದ ಹಳೆ ಟ್ಯೂಬ್‌ಲೈಟುಗಳು ಹೋಗಿ ಎಲ್‌ಇಡಿ ಬಂದವು, ಅದೂ ಬಣ್ಣ ಕೆಡಿಸದ ಒಳ್ಳೆಯ ಜಾತಿಯವು. ನಲ್ಲಿಗಳಿಗೆ ನೀರು ಉಳಿಸುವ ಜಾಲರಿ ಬಂತು. ಹಳೆ ಫೋನಿನ ಲೈನ್ ಕತ್ತರಿಸಿ ಇಂಟರ್‌ನೆಟ್ ಮೇಲೆ ಓಡುವ ಫೋನು ಹಾಕಿಸಿದ. ಎಲ್ಲಕ್ಕಿಂತ ಅವನಿಗೆ ಹೆಮ್ಮೆ ಸೆನ್ಸರಿನದು. ಕೋಣೆಯಲ್ಲಿ ಯಾರಾದರೂ ಅಲುಗಾಡಿದರೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತು ಯಾರೂ ಅಲುಗಾಡದಿದ್ದರೆ ತಾನೇ ಆರುತ್ತದೆ. ಇಂಟರ್‌ನೆಟ್ ಡಬ್ಬಿಯನ್ನೂ ಅದೇ ಲೈನಿಗೆ ಸೇರಿಸು ಎಂದಾಗ ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಂಡ.

"ಅದೊಂದು ಬೇಡ ಸಾರ್. ಅದು ತಿನ್ನೋ ಕರೆಂಟಾದ್ರೂ ಎಷ್ಟು?"

"ಕೋಣೇಲಿ ಮನುಷ್ಯರೇ ಇಲ್ದಿದ್ಮೇಲೆ ಫೋನು ಯಾರಿಗೆ ಬೇಕ್ರೀ? ಸೇರ್ಸಿ, ಸೇರ್ಸಿ."

ಕರೆಂಟು ಬಿಲ್ಲು ಇಳಿಯಿತು. ಎಷ್ಟು ಇಳಿಯಿತೆಂದರೆ, ಚಕ್ರ ಆ ಕಾಗದವನ್ನು ಕೆಳಗಿನ ಅಂಗಡಿಯವನಿಗೂ ತೋರಿಸಿ ಬಂದ, ಮನೆಗೂ ಒಯ್ದ. ಹೆಂಡತಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನೀವೇ ಮಾಡಿದ್ದಾ?" ಎಂದಳು. ಆ ಒಂದು ಮಾತಿಗೆ ಅವನು ವಾರವಿಡೀ ಸಿಳ್ಳೆ ಹಾಕುತ್ತ ಓಡಾಡಿದ.

ಆಮೇಲೆ ಶುರುವಾಯಿತು ನೋಡಿ ತಲೆನೋವು. ನಿಮ್ಮ ಫೋನು ಹತ್ತುವುದಿಲ್ಲ, ಹತ್ತಿದರೂ ಮಾತಿನ ನಡುವೆ ಕಡಿದುಹೋಗುತ್ತದೆ ಎಂದು ಗಿರಾಕಿಗಳ ದೂರು. ಚಕ್ರ ದಡಬಡ ಓಡಿಬಂದು ಪರೀಕ್ಷಿಸಿದರೆ ಫೋನು ಚಿನ್ನದಂತೆ ಕೆಲಸ ಮಾಡುತ್ತಿತ್ತು. ಅವನು ಮೊಬೈಲ್ ಹಿಡಿದು, ಕೋಣೆಯ ಉದ್ದಗಲ ತುಳಿಯುತ್ತ, ಇಂಟರ್‌ನೆಟ್ ಕಂಪನಿಯವರ ಜನ್ಮ ಜಾಲಾಡಿದ. "ನಮ್ಮ ಕಡೆ ಎಲ್ಲಾ ಸರಿ ಇದೆ ಸರ್," ಎನ್ನುತ್ತಿದ್ದರು ಅವರು. ಸುಳ್ಳರು, ಶುದ್ಧ ಸುಳ್ಳರು ಎಂದು ಇವನು. ಇತ್ತ ಕಣ್ಣುಗಳೂ ತಡವಾಗತೊಡಗಿದವು. ಯಾಕಕ್ಕಾ ಎಂದರೆ ಅಕ್ಕ ಸಮಸ್ಯೆಯೇ ಇಲ್ಲದವಳಂತೆ "ಆಗತ್ತೆ ಬಿಡು" ಎನ್ನುವಳು. ಆ "ಬಿಡು" ಅವನಿಗೆ ಹೆದರಿಕೆ ಹುಟ್ಟಿಸುತ್ತಿತ್ತು. ಕೆಲಸದಿಂದ ತೆಗೆಯುವ ಮುಂಚೆ ಎಲ್ಲರೂ ಹೀಗೇ ಮೆತ್ತಗೆ ಮಾತಾಡುತ್ತಾರೆ ಎಂದು ಅವನ ಅನುಭವ. ಹೆದರಿಕೆ ಹೆಚ್ಚಿದಷ್ಟೂ ಅವನ ಓಡಾಟ ಹೆಚ್ಚಿತು, ಓಡಾಟ ಹೆಚ್ಚಿದಷ್ಟೂ ಅವನ ಮುಂದೆ ದೀಪಗಳು ಝಗಝಗ ಉರಿದವು.

ಹೀಗಿರುವಾಗ ಕಣ್ಣು ಮಾಡಿಸಿಕೊಳ್ಳುತ್ತಿದ್ದ ಫೋಟೋ ಸ್ಟುಡಿಯೋದವರೊಬ್ಬರಿಗೆ ಜ್ವರ ಬಂದು, ಬಣ್ಣ ಮುಗಿಸುವ ದಿನ ಬಂದು ಕೂರಲಾಗಲಿಲ್ಲ. ಕೊಡುವ ದಿನ ಹತ್ತಿರ ಬಂದಿತ್ತು. ಅಕ್ಕ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಅತ್ತಿತ್ತ ನೋಡಿದವಳು, ಬಾಗಿಲಲ್ಲಿ ಹಾಯುತ್ತಿದ್ದ ತಮ್ಮನನ್ನು ಕರೆದಳು.

"ಅವರದ್ದೂ ನಿಂದೂ ಒಂದೇ ಬಣ್ಣದ ಕಣ್ಣು. ಬಾ, ಕೂತ್ಕೋ."

"ನಾನಾ?"

"ಕಾಲು ಕಟ್ಟಿಹಾಕಲ್ಲ, ಹೆದರ್ಬೇಡ."

ನೂಲಿನ ತಾತ ಬಾಯೊಳಗೇ ನಕ್ಕ. ಚಕ್ರ ಕೂತ. ಕೂತ ಮರುಗಳಿಗೆಗೇ ಮೂಗು ತುರಿಸಿತು, ಬೆನ್ನು ತುರಿಸಿತು, ಹಿಂದಿನ ಕೋಣೆಯ ನಲ್ಲಿ ಸರಿಯಾಗಿ ಮುಚ್ಚಿದೆಯೋ ಇಲ್ಲವೋ ಎಂಬ ಅನುಮಾನ ಬಂತು. "ಕಾಲು," ಎಂದಳು ಅಕ್ಕ. ಕುಣಿಯುತ್ತಿದ್ದ ಕಾಲು ನಿಂತಿತು. "ಕತ್ತು." ಕತ್ತು ನಿಂತಿತು. ಅಕ್ಕನ ಮುಖ ಅಷ್ಟು ಹತ್ತಿರದಿಂದ ಅವನು ನೋಡಿ ಎಷ್ಟು ವರ್ಷವಾಗಿತ್ತೋ. ಕೆನ್ನೆ ಇಳಿದಿತ್ತು, ಹುಬ್ಬಿನಲ್ಲೂ ಬಿಳಿ ಕೂದಲು. ಪಾಪ, ಇವಳಿಗೂ ವಯಸ್ಸಾಯಿತು ಎಂದುಕೊಂಡ. ಹಾಗೆ ಅಂದುಕೊಳ್ಳುತ್ತ ತನ್ನನ್ನು ತಾನು ಮರೆತು, ಜೀವಮಾನದಲ್ಲಿ ಮೊದಲ ಸಲ, ಸುಮ್ಮನೆ ಕೂತ.

ಪಟ್ಟನೆ ಕತ್ತಲಾಯಿತು.

ಕಿಟಕಿಯಿಂದ ಬರುವ ಅಷ್ಟಿಷ್ಟು ಬೆಳಕಿನಲ್ಲಿ ಅವನು ಕಂಡದ್ದು ಇಷ್ಟು: ಅಕ್ಕನ ಎಡಗೈ, ಜೊತೆಗಾತಿಯ ಎಡಗೈ, ತಾತನ ಎಡಗೈ, ಮೂರೂ ಒಟ್ಟಿಗೆ ತಲೆಯ ಮೇಲಕ್ಕೆ ಎದ್ದು, ನೊಣ ಓಡಿಸಿದ ಹಾಗೆ ಬೀಸಿ, ಇಳಿದವು. ದೀಪ ಹತ್ತಿತು. ಮೂವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಮೂಲೆಯಲ್ಲಿ ಇಂಟರ್‌ನೆಟ್ ಡಬ್ಬಿ ಆಗ ತಾನೆ ನಿದ್ದೆಯಿಂದ ಎದ್ದು ಒಂದೊಂದೇ ಹಸಿರು ದೀಪ ಮಿಟುಕಿಸತೊಡಗಿತು.

ಕಡಿದುಹೋದ ಫೋನುಗಳು, ತಡವಾದ ಕಣ್ಣುಗಳು, ತಾನು ಬೈದ ಕಂಪನಿಯವರು, ಎಲ್ಲ ಚಕ್ರನಿಗೆ ಒಂದೇ ಏಟಿಗೆ ಅರ್ಥವಾಯಿತು. ತಾನಿದ್ದಲ್ಲಿ ಕತ್ತಲಾಗುವುದೇ ಇಲ್ಲ, ಮತ್ತೆ ತನಗೆ ಕಾಣುವುದಾದರೂ ಹೇಗೆ?

"ಯಾವಾಗಿಂದ ಹೀಗೆ?"

"ನೀನು ಹಾಕಿಸಿದ ದಿನದಿಂದ," ಎಂದಳು ಅಕ್ಕ.

"ತೋಳಿಗೆ ಒಳ್ಳೆ ವ್ಯಾಯಾಮ ಆಯ್ತಪ್ಪ," ಎಂದ ತಾತ, ಮಾತನ್ನು ತಿಳಿಯಾಗಿಸಲು.

ಅದು ಉಲ್ಟಾ ಹೊಡೆಯಿತು. ಚಕ್ರನ ಕಿವಿ ಕೆಂಪಾದವು. "ಎಲ್ಲಾ ಸೇರಿ ನನ್ನನ್ನ ಮಂಗ ಮಾಡಿದ್ರಾ? ಬಿಲ್ಲು ಹಿಡ್ಕೊಂಡು ಊರೆಲ್ಲ ಕುಣೀತಿದ್ದೆ, ಒಬ್ರಾದ್ರೂ ಬಾಯಿ ಬಿಡ್ಬಾರ್ದಾ?" ಎಂದವನೇ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಬಾಗಿಲಿಗೆ ಹೋಗಿ ಒಂದು ಚಪ್ಪಲಿಗೆ ಕಾಲು ತೂರಿಸಿಯೂ ಆಯಿತು.

ಅಕ್ಕ ಕುಂಚ ಕೆಳಗಿಟ್ಟಳು. ಏಳಲಿಲ್ಲ, ಕೂಗಲಿಲ್ಲ.

"ಹೇಳೋಣ ಅಂತ ದಿನಾ ಅಂದ್ಕೋತಿದ್ದೆ ಕಣೋ. ದಿನಾ ಬೆಳಿಗ್ಗೆ ಮೆಟ್ಟಿಲ ಮೇಲೆ ನಿನ್ನ ಕಾಲಿನ ಸದ್ದು ಕೇಳ್ತಿತ್ತು. ಸದ್ಯ, ಇವತ್ತೂ ಬಂದ ಅಂತ ಸುಮ್ನಾಗ್ತಿದ್ದೆ."

ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿಯದು, ಚಕ್ರ ಹಾಗೇ ನಿಂತ. ಕೋಪ ಎಲ್ಲಿಗೋ ಇಳಿದುಹೋಗಿ, ಅದರ ಜಾಗದಲ್ಲಿ ಬರೀ ನಾಚಿಕೆ ಉಳಿಯಿತು. ಬೆಳಕಿಲ್ಲದೆ ಕೂತರೂ ಸರಿ, ಇವನು ಹೋಗದಿದ್ದರೆ ಸಾಕು ಎಂದುಕೊಂಡಿದ್ದಳಲ್ಲ. ತಾನು ಅಷ್ಟೊಂದು ಕಷ್ಟದ ಮನುಷ್ಯನೇ ಎಂದು ಕೇಳಿಕೊಂಡ. ಹೌದು ಎಂದು ಅವನಿಗೇ ತಿಳಿದಿತ್ತು.

"ಹೇಳಿದ್ರೆ ಹೋಗ್ಬಿಡ್ತಿದ್ದೆ ಅಕ್ಕಾ," ಎಂದ.

"ಗೊತ್ತು. ಈಗ ಹೇಳಿದೀನಲ್ಲ."

ಯಾರೂ ಅಲುಗಾಡಲಿಲ್ಲ. ಹಾಗೇ ಹೊತ್ತು ಸರಿದು ಮತ್ತೆ ಕತ್ತಲಾಯಿತು. ಈ ಸಲ ಮೂವರಲ್ಲಿ ಒಬ್ಬರ ಕೈಯೂ ಮೇಲೇಳಲಿಲ್ಲ. ತಾತ ಕೆಮ್ಮು ಬಂದರೂ ಗಂಟಲಲ್ಲೇ ತಡೆದುಕೊಂಡ.

ಚಕ್ರ ಚಪ್ಪಲಿ ಬಿಟ್ಟು ಒಳಕ್ಕೆ ಹೆಜ್ಜೆ ಇಟ್ಟ. ದೀಪ ಹತ್ತಿತು. ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ.

"ಸೆನ್ಸರ್ ಆಮೇಲೆ ಬಿಚ್ತೀನಿ. ಮೊದ್ಲು ಇದು ಮುಗಿಸು," ಎಂದು ಅಕ್ಕನೆದುರು ಕೂತು, ಕತ್ತು ನೆಟ್ಟಗೆ ಮಾಡಿ, ಕಣ್ಣು ಅಗಲಿಸಿದ.

ಅಕ್ಕ ಕುಂಚ ಎತ್ತಿಕೊಂಡಳು. ಬಣ್ಣಕ್ಕೆ ಅದ್ದಿದಳು, ಬಿಲ್ಲೆಯ ಹತ್ತಿರ ತಂದಳು, ಮತ್ತೆ ಹಿಂದಕ್ಕೆ ತೆಗೆದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು, ಒರೆಸಿದಷ್ಟೂ ಅವು ಮತ್ತೆ ತುಂಬಿಕೊಂಡವು. ಆ ದಿನ ಆ ಕಣ್ಣು ಮುಗಿಯಲಿಲ್ಲ.